ಪ್ಲಗ್‌ಗೆ ಸಿಕ್ಕಿಸುವ ಇಲಿ-ಜಿರಳೆ ಓಡಿಸೋ ಮಷೀನ್ ದಯವಿಟ್ಟು ಕೊಳ್ಳಬೇಡಿ

ಸ್ವಿಚ್ ಬೋರ್ಡಿಗೆ ಸಿಕ್ಕಿಸಿದರೆ ಸಾಕು, ಇಲಿ, ಜಿರಳೆ, ಸೊಳ್ಳೆ, ಹಲ್ಲಿ ಎಲ್ಲ ಮನೆ ಬಿಟ್ಟು ಓಡುತ್ತವೆ ಅಂತ ಮಾರುತ್ತಾರಲ್ಲ, ಆ ಅಲ್ಟ್ರಾಸಾನಿಕ್ ಡಬ್ಬಿ, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದ ಹೊರಡಿಸುವ ಡಬ್ಬಿ, ಶುದ್ಧ ಮೋಸ. ಅದರಲ್ಲಿ ದೀಪ ಉರಿಯುತ್ತದೆ, ಅಷ್ಟೇ. ಜಿರಳೆ ಅದರ ಪಕ್ಕದಲ್ಲೇ ಆರಾಮಾಗಿ ಹರಿದಾಡುತ್ತದೆ.

ದೂರು ಕೊಟ್ಟಾಗ ಮಾರಿದವರಿಂದ ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇವನ್ನೇ ಹೇಳುತ್ತಾರೆ. ಮೊದಲನೆಯದು, "ಇನ್ನೂ ಸ್ವಲ್ಪ ವಾರ ಕಾಯಿರಿ, ನಿಧಾನವಾಗಿ ಪರಿಣಾಮ ಗೊತ್ತಾಗುತ್ತೆ." ಕಾಯುವಷ್ಟರಲ್ಲಿ ವಾಪಸ್ ಮಾಡುವ ಅವಧಿ ಮುಗಿದಿರುತ್ತದೆ. ಎರಡನೆಯದು, "ಜಿರಳೆ ಜಾಸ್ತಿ ಕಾಣ್ತಿದೆಯಾ? ಹಾಗಾದ್ರೆ ಮಷೀನ್ ಕೆಲಸ ಮಾಡ್ತಿದೆ, ಶಬ್ದ ತಡೀಲಾರದೆ ಹೊರಗೆ ಬರ್ತಿವೆ." ಇದನ್ನು ಓದಿ ಮೈ ಉರಿದುಹೋಯಿತು, ನಾಚಿಕೆಯೂ ಆಯಿತು. ಜಿರಳೆ ಕಡಿಮೆಯಾದರೂ ಮಷೀನ್ ಸರಿ, ಜಾಸ್ತಿಯಾದರೂ ಮಷೀನ್ ಸರಿ! ಹಾಗಾದರೆ ಅದು ಕೆಟ್ಟದ್ದು ಅಂತ ತೋರಿಸೋದು ಹೇಗೆ? ಮೂರನೆಯದು, "ಒಂದು ಸಾಲಲ್ಲ, ರೂಮಿಗೊಂದು ಬೇಕು." ಇಡೀ ಮನೆಗೆ ಒಂದೇ ಸಾಕು ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿದವರೂ ಇವರೇ.

ಯಾಕೆ ಕೆಲಸ ಮಾಡಲ್ಲ ಅಂತ ಕೇಳಿ. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ, ಇದು ಅದಕ್ಕಿಂತ ಮೇಲಿನ ಶಬ್ದ. ಅಂಥ ಶಬ್ದ ಗೋಡೆ ದಾಟಲ್ಲ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ, ಮೇಲಿಂದ ಗಾಳಿಯೂ ಹೀರಿಕೊಳ್ಳುತ್ತದೆ. ಪರದೆ, ಸೋಫಾ, ಹಾಸಿಗೆ ಉಳಿದದ್ದನ್ನು ನುಂಗುತ್ತವೆ. ಫ್ರಿಜ್ ಹಿಂದೆ, ಸಿಂಕ್ ಕೆಳಗೆ, ಕಪಾಟಿನ ಸಂದಿಯಲ್ಲಿ, ಅಂದರೆ ಇಲಿ ಜಿರಳೆ ನಿಜವಾಗಿ ಇರುವ ಜಾಗಕ್ಕೆ ಅದು ತಲುಪುವುದೇ ಇಲ್ಲ. ಇಲಿಗೆ ಈ ಶಬ್ದ ಕೇಳಿಸುತ್ತದೆ, ನಿಜ. ಇಲಿಮರಿ ತಾಯಿಯನ್ನು ಕರೆಯುವುದೂ ಅಂಥ ದನಿಯಲ್ಲೇ. ಹೊಸದರಲ್ಲಿ ಬೆಚ್ಚಬಹುದು, ಆದರೆ ತಿನ್ನಲು ಸಿಗುತ್ತಿದ್ದರೆ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆ. ಮನೆಯ ವೈರಿಂಗ್ ಮೂಲಕ ಅಯಸ್ಕಾಂತ ತರಂಗ ಕಳಿಸುತ್ತೇವೆ ಅಂತ ಕೆಲವರು ಹೇಳಿ ಮಾರೋದಂತೂ ಬರೀ ಬೊಗಳೆ.

ಇದೇನು ಹೊಸ ವಿಷಯವೂ ಅಲ್ಲ! ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಮಂದಿಗೆ ಪುರಾವೆ ಇಲ್ಲದೆ ಹೀಗೆಲ್ಲ ಹೇಳಬೇಡಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ಸೊಳ್ಳೆ ಓಡಿಸುವ ಶಬ್ದ ಯಂತ್ರಗಳ ಮೇಲಿನ 10 ಅಧ್ಯಯನಗಳನ್ನು 2007ರಲ್ಲಿ, ಆರೋಗ್ಯದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಕಚ್ಚುವುದು ಕಡಿಮೆಯಾಗುತ್ತದೆ ಅನ್ನಲು ಒಂದರಲ್ಲೂ ಆಧಾರ ಸಿಗಲಿಲ್ಲ.

ದೀಪಕ್ಕೆ ಬಂದ ಹುಳುವನ್ನು ಶಾಕ್ ಕೊಟ್ಟು ಕೊಲ್ಲುವ ನೇರಳೆ ದೀಪದ ಪೆಟ್ಟಿಗೆಯೂ ಸೊಳ್ಳೆಗೆ ಆಗಲ್ಲ. ಸೊಳ್ಳೆ ನಮ್ಮ ಉಸಿರು, ಮೈವಾಸನೆ ಹಿಡಿದು ಬರುತ್ತದೆ, ದೀಪ ನೋಡಿ ಅಲ್ಲ. 1996ರಲ್ಲಿ ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಎಣಿಸಿದಾಗ ಅದರಲ್ಲಿ ಸತ್ತ 13,789 ಹುಳುಗಳಲ್ಲಿ ಕಚ್ಚುವ ಜಾತಿಯವು 31.

ಎಲೆಕ್ಟ್ರಾನಿಕ್ ಅಂದದ್ದೆಲ್ಲ ಸುಳ್ಳಲ್ಲ. ಒಳಗೆ ಹೊಕ್ಕ ಇಲಿಗೆ ಶಾಕ್ ಕೊಡುವ ಬೋನು ಕೆಲಸ ಮಾಡುತ್ತದೆ. ಬಾಯಿ ಗೋಡೆಯಂಚಿಗೆ ಬರುವ ಹಾಗೆ ಇಡಿ, ಬ್ಯಾಟರಿ ಹಳೆಯದಾದರೆ ಇಲಿ ಸಾಯದೆ ತಪ್ಪಿಸಿಕೊಳ್ಳುತ್ತದೆ. ಆದರೆ ಸಂದಿ ಮುಚ್ಚದೆ ಯಾವ ಬೋನಿಟ್ಟೂ ಪ್ರಯೋಜನವಿಲ್ಲ. ಚಿಕ್ಕ ಇಲಿಗೆ 6 ಮಿಲಿಮೀಟರ್ ಸಂದಿ ಸಾಕು. ಪೈಪ್ ಸುತ್ತ ಪಾತ್ರೆ ತಿಕ್ಕುವ ಸ್ಟೀಲ್ ನಾರು ಒತ್ತಿ ತುಂಬಿ ಮೇಲೆ ಸಿಮೆಂಟ್ ಮೆತ್ತಿ. ಜಿರಳೆಗೆ, ಅದು ತಿಂದು ಸಾಯುವ ವಿಷದ ಜೆಲ್ ಹಾಕಿ, ಕಪಾಟಿನ ಕೀಲು, ಸಿಂಕ್ ಕೆಳಗೆ ಅಲ್ಲಲ್ಲಿ ಅಕ್ಕಿಕಾಳಿನಷ್ಟು ಚುಕ್ಕೆ. ಅದರ ಹತ್ತಿರ ಸ್ಪ್ರೇ ಹೊಡೆಯಬೇಡಿ, ಹೊಡೆದರೆ ಜಿರಳೆ ಜೆಲ್ ಮುಟ್ಟುವುದಿಲ್ಲ. ಸೊಳ್ಳೆಗೆ ಕಿಟಕಿಗೆ ಜಾಲರಿ, ನಿಂತ ನೀರು ವಾರಕ್ಕೊಮ್ಮೆ ಚೆಲ್ಲುವುದು.

ಆ ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಇವತ್ತೇ ವಾಪಸ್ ಹಾಕಿ, ಕಾಯಿರಿ ಅಂದರೆ ಒಪ್ಪಲೇಬೇಡಿ. ಹ್ಯಾಮ್‌ಸ್ಟರ್ ಸಾಕಿದ್ದರೆ ಪ್ಲಗ್‌ನಿಂದ ಈಗಲೇ ಕಿತ್ತುಬಿಡಿ, ಆ ಶಬ್ದ ಅದಕ್ಕೆ ಕೇಳಿಸುತ್ತದೆ, ಪಂಜರ ಬಿಟ್ಟು ಓಡಲೂ ಆಗಲ್ಲ.