ಹ್ಯಾರೋ ಕಡೆಯ ದೇಸಿ ಪಬ್: ಬಾಕ್ಸಿಂಗಿಗೆ ನಾಲ್ಕೂವರೆ ಸ್ಟಾರ್, ಉಳಿದದ್ದಕ್ಕೆ ಮೂರು

ಇದೇ ಶನಿವಾರ, 2025ರ ಜುಲೈ 19ಕ್ಕೆ, ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಉಕ್ರೇನಿನ ಉಸಿಕ್ ಮತ್ತು ಬ್ರಿಟನ್ನಿನ ಡುಬ್ವಾ ಹೆವಿವೇಟ್, ಅಂದರೆ ಅತಿ ಭಾರದ ವರ್ಗದ, ಬಾಕ್ಸಿಂಗಿನಲ್ಲಿ ಎರಡನೇ ಸಲ ಎದುರಾಗುತ್ತಿದ್ದಾರೆ. ಟಿಕೆಟ್ ಸಿಗದವರು ಎಲ್ಲಿ ಕೂತು ನೋಡಬೇಕು ಅಂತ ಲಂಡನ್ ಕನ್ನಡದವರು ಕೆಲವರು ಕೇಳುತ್ತಿದ್ದಾರೆ. ನನ್ನ ಉತ್ತರ ಹ್ಯಾರೋ ಕಡೆ ಇರುವ ಒಂದು ದೇಸಿ ಪಬ್. ಹೆಸರು ಬರೆಯೋದಿಲ್ಲ. ಬರೆದರೆ ಶನಿವಾರ ನನಗೇ ಕುರ್ಚಿ ಸಿಗಲ್ಲ. ಅಲ್ಲದೆ ಕೆಳಗೆ ಒಂದಿಷ್ಟು ಬೈದಿದ್ದೀನಿ, ಓನರ್ ಪಾಪ ಒಳ್ಳೆಯ ಮನುಷ್ಯ. 183 ನಂಬರ್ ಬಸ್ಸಿನ ದಾರಿಯಲ್ಲಿದೆ, ಅಷ್ಟು ಸಾಕು. ಪರಿಚಯ ಇರುವವರು ಫೋನ್ ಮಾಡಿ, ಹೇಳ್ತೀನಿ.

ಈಗಷ್ಟೇ ಊರಿಂದ ಬಂದವರಿಗೆ ದೇಸಿ ಪಬ್ ಹೊಸದಾಗಿರಬಹುದು. ಒಂದು ಕಾಲದಲ್ಲಿ ಇಲ್ಲಿನ ಕೆಲವು ಪಬ್ಬುಗಳು ನಮ್ಮ ಕಡೆಯ ಜನರನ್ನು ಒಳಗೇ ಬಿಡುತ್ತಿರಲಿಲ್ಲ. ಆಮೇಲೆ ಅಂಥ ಪಬ್ಬುಗಳನ್ನೇ ಪಂಜಾಬಿಗಳು, ಗುಜರಾತಿಗಳು ಕೊಂಡುಕೊಂಡರು. ಹೊರಗಿನ ಬೋರ್ಡು, ಕಾರ್ಪೆಟ್ಟು, ಡಾರ್ಟ್ಸ್ ಹಲಗೆ ಎಲ್ಲ ಹಳೇದೇ. ಅಡುಗೆಮನೆಯಲ್ಲಿ ಮಾತ್ರ ತಂದೂರ್ ಬಂತು. ನಾನು ಹೇಳುತ್ತಿರುವುದೂ ಅಂಥದ್ದೇ. ಓನರ್ ಜಲಂಧರ್ ಕಡೆಯವರು. ಬಾರಿನ ಹಿಂದೆ ಗುರುನಾನಕರ ಫೋಟೋ ಇದೆ, ಪಕ್ಕದಲ್ಲೇ ಬ್ರಿಟಿಷ್ ಬಾಕ್ಸರ್ ಫ್ರ್ಯಾಂಕ್ ಬ್ರೂನೋ ಫೋಟೋ. 1995ರಲ್ಲಿ ಬ್ರೂನೋ ಇದೇ ಜಾಗದ ಹಳೇ ವೆಂಬ್ಲಿಯಲ್ಲಿ ಆಲಿವರ್ ಮೆಕಾಲ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಬೆಲ್ಟ್ ಗೆದ್ದಿದ್ದ. ಆ ಫೋಟೋ ಇರುವ ಪಬ್ಬಿನಲ್ಲಿ ಬಾಕ್ಸಿಂಗ್ ದಿನ ಯಾರೂ ಫುಟ್‌ಬಾಲ್ ಹಾಕಿ ಅಂತ ಕೇಳಲ್ಲ. ಅದೇ ದೊಡ್ಡ ಸಮಾಧಾನ.

ಊಟದ ಮಾತು ಬೇಗ ಮುಗಿಸ್ತೀನಿ. ಲ್ಯಾಂಬ್ ಚಾಪ್ಸ್ ಚೆನ್ನಾಗಿರುತ್ತೆ. ನಮ್ಮೆಜಮಾನ್ರು ನನ್ನ ಜೊತೆ ಬರೋದೇ ಅದಕ್ಕೆ, ಬಾಕ್ಸಿಂಗ್ ಶುರುವಾದರೆ ಫೋನ್ ಹಿಡಿದು ಕೂರ್ತಾರೆ. ಸಸ್ಯಾಹಾರಿಗಳಿಗೆ ಚಿಲ್ಲಿ ಪನೀರ್ ಇದೆ, ಸಿಹಿ ಜಾಸ್ತಿ. ಅದಕ್ಕಿಂತ ಮೋಗೋ ತಗೊಳ್ಳಿ. ನಮ್ಮ ಮರಗೆಣಸೇ ಅದು. ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿಗಳು ತಂದ ರುಚಿ. ಕರಿದು, ಖಾರ ಹಚ್ಚಿ, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಆದರೆ ಅಡುಗೆಮನೆ ಒಂಬತ್ತೂವರೆಗೆ ಬಂದ್. ಮುಖ್ಯ ಪಂದ್ಯ ಶುರುವಾಗೋದೇ ಅದರ ನಂತರ. ಎಂಟೂವರೆಗೇ ಆರ್ಡರ್ ಹೇಳಿಬಿಡಿ, ಇಲ್ಲದಿದ್ದರೆ ಹನ್ನೆರಡು ರೌಂಡೂ ಚಿಪ್ಸ್ ಪ್ಯಾಕೆಟ್ಟೇ ಗತಿ. ಬಾಕ್ಸಿಂಗ್ ರಾತ್ರಿ ಒಳಗೆ ಹೋಗೋಕೆ ಹತ್ತು ಪೌಂಡ್ ಇಸ್ಕೊಳ್ತಾರೆ. ಮನೆಯಲ್ಲಿ ದುಡ್ಡು ಕಟ್ಟಿ ನೋಡೋದಕ್ಕಿಂತ ಕಡಿಮೆಯೇ ಆಯ್ತು. ಹೆಂಗಸರ ಟಾಯ್ಲೆಟ್ ಬಾಗಿಲಿನ ಚಿಲಕ ಯಾವ ಕಾಲದಿಂದಲೋ ಸರಿಯಿಲ್ಲ. ಓನರ್‌ಗೆ ಹೇಳಿ ಹೇಳಿ ಬಿಟ್ಟಿದ್ದೀನಿ. ಹೆಂಗಸು ಒಬ್ಬಳೇ ಹೋಗಿ ಕೂರಬಹುದಾ ಅಂತ ಕೇಳುವವರಿಗೆ: ಧಾರಾಳವಾಗಿ. ಯಾರೂ ತಂಟೆಗೆ ಬರಲ್ಲ. ಸ್ಕೋರ್ ಎಷ್ಟು ಕೊಟ್ಟೆ ಅಂತ ಮಾತ್ರ ಕೇಳ್ತಾರೆ.

ಇನ್ನು ಪರದೆ. ಇಲ್ಲಿ ಸ್ವಲ್ಪ ಗಮನ ಕೊಡಿ. ಹಿಂದಿನ ಹಾಲಿನಲ್ಲಿ ದೊಡ್ಡ ಪ್ರೊಜೆಕ್ಟರ್ ಇದೆ. ಹೊಸಬರು ಸೀದಾ ಅಲ್ಲಿಗೇ ಹೋಗ್ತಾರೆ. ಹೋಗಬೇಡಿ. ಅದು ಇಂಟರ್ನೆಟ್ಟಿನಲ್ಲಿ ಬರುತ್ತೆ, ಮುಂದಿನ ಕೋಣೆಯ ಟಿವಿ ಡಿಶ್ಶಿನಲ್ಲಿ. ಹಿಂದಿನದು ಅರ್ಧ ನಿಮಿಷದಷ್ಟು ತಡ. 2024ರ ಮೇ ತಿಂಗಳಲ್ಲಿ ಉಸಿಕ್ ಮತ್ತು ಬ್ರಿಟನ್ನಿನ ಟೈಸನ್ ಫ್ಯೂರಿ ನಡುವಿನ ಮೊದಲ ಪಂದ್ಯ ನಾನು ಹಿಂದೆ ಕೂತು ನೋಡಿದೆ. ಒಂಬತ್ತನೇ ರೌಂಡಿನ ಕೊನೆ. ನಮ್ಮ ಪರದೆಯಲ್ಲಿ ಇಬ್ಬರೂ ಇನ್ನೂ ಜ್ಯಾಬ್ (ಸಣ್ಣ ನೇರ ಏಟು) ಹಾಕುತ್ತಿದ್ದಾರೆ, ಮುಂದಿನ ಕೋಣೆಯಿಂದ ಹೋ ಅಂತ ಕೂಗು ಕೇಳಿಬಂತು. ಫ್ಯೂರಿ ಹಗ್ಗಕ್ಕೆ ತೂರಾಡಿ ಬಿದ್ದದ್ದು, ರೆಫರಿ ಎಣಿಸಿದ್ದು, ಗಂಟೆ ಬಾರಿಸಿ ಅವನು ಬಚಾವಾದದ್ದು, ಎಲ್ಲ ನಮಗೆ ಹಳೇ ಸುದ್ದಿ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಹೆವಿವೇಟ್‌ನ ಎಲ್ಲ ಬೆಲ್ಟೂ ಒಬ್ಬನ ಸೊಂಟಕ್ಕೆ ಹೋದ ರಾತ್ರಿ ಅದು. ಅದನ್ನು ಹಳಸಿದ ಮೇಲೆ ನೋಡೋದು ಅಂದರೆ ಏನು ಹೇಳಲಿ.

ಹಾಗಾಗಿ ಮುಂದಿನ ಕೋಣೆ. ಅಲ್ಲೂ ಡಾರ್ಟ್ಸ್ ಹಲಗೆಯ ಕೆಳಗಿನ ದುಂಡು ಮೇಜು. ಟಿವಿ ಸ್ವಲ್ಪ ಓರೆಯಾಗಿ ಕಾಣುತ್ತೆ, ಕತ್ತು ನೋಯುತ್ತೆ. ಫಿಸಿಯೋಥೆರಪಿಸ್ಟ್ ಆಗಿ ಹೇಳ್ತೀನಿ, ಆ ಕುರ್ಚಿ ಬೆನ್ನಿಗೆ ಒಳ್ಳೆಯದಲ್ಲ. ಆದರೂ ಅಲ್ಲೇ ಕೂರಬೇಕು, ಯಾಕೆಂದರೆ ಈ ಪಬ್ಬಿನ ಅಸಲಿ ಸರಕು ಆ ಮೇಜಿನ ಸುತ್ತ ಕೂರುವ ಮೂವರು. ಒಬ್ಬರು ಐರಿಶ್ ಅಜ್ಜ. ಒಬ್ಬರು ಮೊಂಬಾಸಾದಲ್ಲಿ ಹುಟ್ಟಿದ ಗುಜರಾತಿ ಅಂಕಲ್. ಇನ್ನೊಬ್ಬರು ಲೇಗೋಸ್ ಮೂಲದ ಬಸ್ ಡ್ರೈವರ್. ಹೊಸಬರನ್ನು ಅವರು ಸುಲಭವಾಗಿ ಸೇರಿಸಿಕೊಳ್ಳಲ್ಲ. ನಿಮ್ಮ ಹತ್ತಿರ ಹೇಳೋಕೆ ಒಂದು ಪಂದ್ಯ ಇರಬೇಕು. ನನಗೆ ಅಪ್ಪ ಕೊಟ್ಟದ್ದಿತ್ತು. 1980ರಲ್ಲಿ ಮೊಹಮ್ಮದ್ ಅಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ. ಅಪ್ಪ ಬೆಂಗಳೂರಿಂದ ರೈಲು ಹತ್ತಿ ಹೋಗಿ ನೋಡಿ ಬಂದಿದ್ದರು. ಇಷ್ಟು ಹೇಳಿದ್ದಕ್ಕೆ ಅಂಕಲ್ ತಮ್ಮ ಕೋಟು ತೆಗೆದು ಕುರ್ಚಿ ಖಾಲಿ ಮಾಡಿದರು.

ಅಜ್ಜನ ಪಂದ್ಯ 1963ರದ್ದು. ಜೂನ್ 18, ಹಳೇ ವೆಂಬ್ಲಿ. ಆಗಿನ್ನೂ ಕ್ಯಾಸಿಯಸ್ ಕ್ಲೇ ಆಗಿದ್ದ ಅಲಿಗೂ ನಮ್ಮ ಊರಿನ ಹೆನ್ರಿ ಕೂಪರ್‌ಗೂ. ನಮ್ಮ ಊರು ಅಂದರೆ ಲಂಡನ್, ಅಜ್ಜ ಹಾಗೇ ಹೇಳೋದು. ನಾಲ್ಕನೇ ರೌಂಡ್ ಮುಗಿಯುವ ಹೊತ್ತಿಗೆ ಕೂಪರ್‌ನ ಎಡಗೈ ಹುಕ್ (ಪಕ್ಕದಿಂದ ಬೀಸುವ ಏಟು) ಬಿತ್ತು, ಕ್ಲೇ ಹಗ್ಗದ ಮೇಲೆ ಕುಸಿದ. ಎದ್ದ, ಗಂಟೆ ಬಾರಿಸಿತು. ಮೂಲೆಯಲ್ಲಿ ಅವನ ಟ್ರೈನರ್ ಏಂಜೆಲೋ ಡಂಡಿ ಗ್ಲೋವ್ ಹರಿದಿದೆ ಅಂತ ರೆಫರಿಗೆ ತೋರಿಸಿದ. ಐದನೇ ರೌಂಡಿನಲ್ಲಿ ಕೂಪರ್‌ನ ಕಣ್ಣಿನ ಮೇಲೆ ರಕ್ತ ಕೋಡಿ ಹರಿದು ಪಂದ್ಯ ನಿಂತಿತು. ಐದರಲ್ಲಿ ಮುಗಿಸ್ತೀನಿ ಅಂತ ಕ್ಲೇ ಮೊದಲೇ ಸಾರಿದ್ದ ಬೇರೆ.

ಈಗ ಜಗಳ ಏನು ಅಂದರೆ, ಆ ಗ್ಲೋವಿನ ನೆಪದಲ್ಲಿ ಕ್ಲೇಗೆ ಸಿಕ್ಕ ಹೆಚ್ಚುವರಿ ಸಮಯ ಎಷ್ಟು? ಐದು ನಿಮಿಷ ಅಂತ ಅಜ್ಜ. ನಾನು ಅಲ್ಲೇ ಇದ್ದೆ, ಗಡಿಯಾರ ನೋಡಿದೆ ಅಂತಾರೆ. ಡ್ರೈವರ್ ಯಾವಾಗಲೂ ಫೋನ್ ತೆಗೆದು ಹಳೇ ರೆಕಾರ್ಡಿಂಗ್ ಹಾಕ್ತಾರೆ. ಎರಡು ರೌಂಡಿನ ನಡುವೆ ಒಂದು ನಿಮಿಷ ಇರಬೇಕು. ರೆಕಾರ್ಡಿಂಗಿನಲ್ಲಿ ಅದಕ್ಕಿಂತ ಕೆಲವೇ ಸೆಕೆಂಡ್ ಜಾಸ್ತಿ, ಅಷ್ಟೇ. ಅಜ್ಜ ಅದನ್ನು ಪೂರ್ತಿ ನೋಡಿ, ಗ್ಲಾಸ್ ಕೆಳಗಿಟ್ಟು, ಇದನ್ನು ಯಾರೋ ಕತ್ತರಿಸಿದ್ದಾರೆ ಅಂತಾರೆ. ಪ್ರತಿ ಸಲ ಇದೇ. ಅದಾದ ಮೇಲೆ ಡಂಡಿ ಮೂಗಿಗೆ ಹಿಡಿದ ವಾಸನೆ ಉಪ್ಪು (ತಲೆ ಸುತ್ತಿದವನನ್ನು ಎಚ್ಚರಗೊಳಿಸುವ ಘಾಟು) ಇಲ್ಲಿನ ನಿಯಮಕ್ಕೆ ವಿರುದ್ಧವಾಗಿತ್ತು ಅಂತ ಮುಂದುವರಿಸ್ತಾರೆ. ಅದು ನಿಜ. ಅಲ್ಲಿಗೆ ಡ್ರೈವರ್ ಸುಮ್ಮನಾಗ್ತಾರೆ.

ಡ್ರೈವರ್ ಮಾತ್ರ ಬಾಕ್ಸರ್ ಆಂಥನಿ ಜೋಶುವಾ ಪಾರ್ಟಿ. ಜೋಶುವಾ ಹುಟ್ಟಿದ್ದು ಇಲ್ಲೇ ಪಕ್ಕದ ವ್ಯಾಟ್‌ಫರ್ಡ್‌ನಲ್ಲಿ, ಬಾಕ್ಸಿಂಗ್ ಕಲಿತದ್ದು ಫಿಂಚ್ಲಿ ಕ್ಲಬ್ಬಿನಲ್ಲಿ. ಅವರ ಪ್ರಕಾರ ಈ ಶತಮಾನದ ಹೆವಿವೇಟ್ ಪಂದ್ಯ ಅಂದರೆ 2017ರ ಏಪ್ರಿಲ್ 29ರ ಜೋಶುವಾ-ಕ್ಲಿಚ್ಕೋ. ವೆಂಬ್ಲಿಯಲ್ಲಿ 90,000 ಜನ. ಐದನೇ ರೌಂಡಿನಲ್ಲಿ 41 ವರ್ಷದ ಕ್ಲಿಚ್ಕೋ ಬಿದ್ದ. ಆರರಲ್ಲಿ ಜೋಶುವಾ ಬಿದ್ದ. ಹನ್ನೊಂದರಲ್ಲಿ ಕೆಳಗಿಂದ ಮೇಲಕ್ಕೆ ಬಂದ ಆ ಅಪ್ಪರ್‌ಕಟ್, ಕ್ಲಿಚ್ಕೋ ತಲೆ ಹಿಂದಕ್ಕೆ ಚಿಮ್ಮಿದ್ದು, ಆಮೇಲೆ ಎರಡು ಸಲ ಬಿದ್ದದ್ದು. ನಾನೂ ಒಪ್ತೀನಿ. ಆದರೆ ಫ್ಯೂರಿ-ವೈಲ್ಡರ್ ಮೂರನೆಯದನ್ನು ಅದರ ಪಕ್ಕ ಇಡಬೇಕು ಅಂತ ನನ್ನ ವಾದ. 2021ರ ಅಕ್ಟೋಬರ್, ಲಾಸ್ ವೇಗಸ್. ಒಟ್ಟು ಐದು ಸಲ ಒಬ್ಬರಲ್ಲ ಒಬ್ಬರು ನೆಲ ಕಂಡರು. ವೈಲ್ಡರ್‌ಗೆ ಕಾಲು ಯಾವಾಗಲೋ ಹೋಗಿತ್ತು, ಬರೀ ಹಠದಲ್ಲಿ ಹನ್ನೊಂದನೇ ರೌಂಡ್ ತನಕ ನಿಂತಿದ್ದ. ನಾನು ಬಾಕ್ಸಿಂಗ್ ನೋಡುವಾಗ ಮುಖ ನೋಡಲ್ಲ, ಮೊಣಕಾಲು ನೋಡ್ತೀನಿ. ದಿನವಿಡೀ ಮಾಡೋ ಕೆಲಸ ಅದೇ ಅಲ್ವಾ.

ಮೊಂಬಾಸಾ ಅಂಕಲ್ ಮಾತು ಕಡಿಮೆ. ಅವರದ್ದು ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿಗೂ ಫೋರ್‌ಮನ್‌ಗೂ ನಡೆದ ಪಂದ್ಯವನ್ನು ಅಮೆರಿಕದವರ ಅನುಕೂಲಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಇಟ್ಟಿದ್ದರು. ಮೊಂಬಾಸಾದಲ್ಲಿ ಆಗ ಆರು ಗಂಟೆ. ರೇಡಿಯೋ ಮುಂದೆ ಇಡೀ ಬೀದಿ ಅಲಿಗೆ ಕೂಗುತ್ತಿದ್ದರೆ ಇವರೊಬ್ಬರೇ ಫೋರ್‌ಮನ್ ಕಡೆ. ಎಂಟನೇ ರೌಂಡಿನಲ್ಲಿ ಫೋರ್‌ಮನ್ ಬಿದ್ದಾಗ ಅಣ್ಣಂದಿರು ಆಡಿಕೊಂಡು ನಕ್ಕರಂತೆ. ಇವರು ಇಪ್ಪತ್ತು ವರ್ಷ ಕಾದರು. 1994ರ ನವೆಂಬರ್ 5ರಂದು 45ರ ಫೋರ್‌ಮನ್, ಕಿನ್ಶಾಸಾದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು, ಮೈಕೆಲ್ ಮೂರರ್‌ನನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿದ. 2025ರ ಮಾರ್ಚಿನಲ್ಲಿ ಫೋರ್‌ಮನ್ ತೀರಿಕೊಂಡಾಗ ಅಂಕಲ್ ಪಬ್ಬಿನಲ್ಲಿದ್ದವರಿಗೆಲ್ಲ ಒಂದೊಂದು ಡ್ರಿಂಕ್ ಕೊಡಿಸಿದರು. ಓನರ್ ಅರ್ಧ ದುಡ್ಡು ವಾಪಸ್ ಕೊಟ್ಟರು.

ಶನಿವಾರದ ಪಂದ್ಯಕ್ಕೂ ಅಂಕಲ್ ಅದೇ ಪಂದ್ಯವನ್ನು ಎಳೆದು ತರ್ತಾರೆ. ಮೂರರ್ ಎಡಗೈ ಬಾಕ್ಸರ್, ಉಸಿಕ್ಕೂ ಎಡಗೈ. ಮೂರರ್ ಮೂರೂ ಜಡ್ಜುಗಳ ಲೆಕ್ಕದಲ್ಲಿ ಮುಂದಿದ್ದ. ಒಂದು ನೇರ ಬಲಗೈ ಬಿತ್ತು, ಮುಗೀತು. ಡುಬ್ವಾ ಹತ್ತಿರ ಅಂಥ ಬಲಗೈ ಇದೆ. 22 ಗೆಲುವಿನಲ್ಲಿ 21 ನಾಕೌಟ್. 2024ರ ಸೆಪ್ಟೆಂಬರಿನಲ್ಲಿ ಜೋಶುವಾನನ್ನು ಇದೇ ವೆಂಬ್ಲಿಯಲ್ಲಿ ನಾಲ್ಕು ಸಲ ಕೆಡವಿ ಐದನೇ ರೌಂಡಿನಲ್ಲಿ ಮುಗಿಸಿದ. ಉಸಿಕ್‌ಗೆ 38, ಡುಬ್ವಾಗೆ 27. ಡ್ರೈವರ್‌ಗೆ ಜೋಶುವಾ ಸೋತ ಆ ಪಂದ್ಯದ ಮಾತೆತ್ತಿದರೆ ಆಗಲ್ಲ, ಎದ್ದು ಬಾರ್ ಕಡೆ ಹೋಗ್ತಾರೆ. ಅಜ್ಜ ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಡುಬ್ವಾ, ಐದನೇ ರೌಂಡ್ ಅಂತ ಗ್ಲಾಸ್ ಕೆಳಗಿಡುವ ಬಿಯರ್ ಮ್ಯಾಟಿನ ಹಿಂದೆ ಬರೆದು ಓನರ್ ಕೈಗೆ ಕೊಟ್ಟಿದ್ದಾರೆ. ಐದು ಅಂದರೆ ಅವರಿಗೆ ಏನೋ ಮೋಹ.

2023ರ ಆಗಸ್ಟಿನಲ್ಲಿ ಉಸಿಕ್-ಡುಬ್ವಾ ಆಡಿದ ಮೊದಲ ಪಂದ್ಯದ ಜಗಳವಂತೂ ಇನ್ನೂ ಹಸಿಯಾಗಿದೆ. ಪೋಲೆಂಡಿನ ವ್ರೋತ್ಸ್ವಾಫ್, ಐದನೇ ರೌಂಡ್. ಡುಬ್ವಾ ಹೊಡೆದದ್ದು ಸೊಂಟದ ಪಟ್ಟಿಯ ಮೇಲಾ, ಕೆಳಗಾ? ರೆಫರಿ ಕೆಳಗೆ, ಅಂದರೆ ಫೌಲ್, ಅಂದ. ಉಸಿಕ್‌ಗೆ ಮೂರು ನಿಮಿಷಕ್ಕೂ ಹೆಚ್ಚು ವಿಶ್ರಾಂತಿ ಸಿಕ್ಕಿತು. ಒಂಬತ್ತನೇ ರೌಂಡಿನಲ್ಲಿ ಡುಬ್ವಾ ಎಣಿಕೆ ಮುಗಿಯುವ ತನಕ ಏಳಲಿಲ್ಲ. ಇದನ್ನು ಇತ್ಯರ್ಥ ಮಾಡೋಕೆ ಅಂಕಲ್ ಒಮ್ಮೆ ಎದ್ದು ನಿಂತು ತಮ್ಮ ಪ್ಯಾಂಟನ್ನು ಹೊಕ್ಕುಳ ಮೇಲಕ್ಕೆ ಎಳೆದುಕೊಂಡು, ನೋಡಿ, ಉಸಿಕ್ ಚಡ್ಡಿ ಇಲ್ಲಿಗೆ ಹಾಕ್ತಾನೆ, ಹಾಗಾದರೆ ಸೊಂಟ ಎಲ್ಲಿ ಅಂತ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಸೊಂಟದ ಮೂಳೆ ಎಲ್ಲಿರುತ್ತೆ ಅಂತ ತೋರಿಸಿದೆ. ಏಟು ಗಡಿಯಲ್ಲೇ ಬಿದ್ದಿದೆ ಅನ್ನೋದು ನನ್ನ ಅಭಿಪ್ರಾಯ. ಯಾರಿಗೂ ಖುಷಿಯಾಗಲಿಲ್ಲ.

ನನ್ನ ಲೆಕ್ಕ ಬೇರೆ. ಮೂರರ್ ಅವತ್ತು ಫೋರ್‌ಮನ್ ಎದುರಿಗೇ ನಿಂತಿದ್ದ. ಟ್ರೈನರ್ ಟೆಡ್ಡಿ ಅಟ್ಲಾಸ್ ಪಕ್ಕಕ್ಕೆ ಸರಿ ಅಂತ ಬಡಕೊಂಡರೂ ಕೇಳಲಿಲ್ಲ. ಉಸಿಕ್ ಒಂದು ಕಡೆ ನಿಲ್ಲೋ ಆಸಾಮಿಯೇ ಅಲ್ಲ. ಅವನ ಬಲಗಾಲು ನೋಡಿ. ಎದುರಾಳಿಯ ಎಡಗಾಲಿನ ಹೊರಗಡೆಗೇ ಇಡ್ತಾನೆ, ಅಲ್ಲಿಂದ ಎಡಗೈ ಬಿಡ್ತಾನೆ, ಬಿಟ್ಟ ತಕ್ಷಣ ಮತ್ತೆ ಪಕ್ಕಕ್ಕೆ. ಡುಬ್ವಾ ಬಲಗೈ ಬೀಸಬೇಕಾದರೆ ಎರಡೂ ಪಾದ ಊರಬೇಕು. ಊರೋಕೆ ಮುಂಚೆ ಅವನು ಮತ್ತೆ ತಿರುಗಬೇಕಾಗುತ್ತೆ. ಇದು ಆರೇಳು ರೌಂಡ್ ನಡೆದರೆ ತೊಡೆಗಳು ಹೇಳಿದ ಮಾತು ಕೇಳಲ್ಲ. ಜೋಶುವಾ ಜೊತೆ 24 ರೌಂಡ್, ಫ್ಯೂರಿ ಜೊತೆ 24 ರೌಂಡ್ ಆಡಿದ್ದಾನೆ ಉಸಿಕ್. ಇಬ್ಬರಿಗೂ ಅವನನ್ನು ಕೆಡವೋಕೆ ಆಗಲಿಲ್ಲ. ಡುಬ್ವಾ ಈಗ ಮೊದಲಿನಂತೆ ಹೆದರುವ ಹುಡುಗ ಅಲ್ಲ, ಅದು ಒಪ್ಪಿದೆ. ಮಿಲ್ಲರ್, ಹರ್ಗೋವಿಚ್, ಜೋಶುವಾ ಮೂವರನ್ನೂ ಸಾಲಾಗಿ ಮುಗಿಸಿ ಬಂದಿದ್ದಾನೆ. ಮೊದಲ ನಾಲ್ಕು ರೌಂಡ್ ಉಸಿಕ್‌ಗೆ ಕಷ್ಟ ಕೊಡ್ತಾನೆ. ಆಮೇಲೆ ಉಸಿಕ್‌ನದ್ದೇ. ಒಂಬತ್ತು ಅಥವಾ ಹತ್ತನೇ ರೌಂಡಿನಲ್ಲಿ ನಿಲ್ಲುತ್ತೆ ಅಂತ ನನ್ನ ಮ್ಯಾಟಿನ ಹಿಂದೆ ಬರೆದಿದ್ದೀನಿ. ಸೋತವರು ಲ್ಯಾಂಬ್ ಚಾಪ್ಸ್ ಕೊಡಿಸಬೇಕು. ನಮ್ಮೆಜಮಾನ್ರಿಗೆ ಯಾರು ಗೆದ್ದರೂ ಲಾಭ.

ಬರುವವರು ಕಾರು ತರಬೇಡಿ, ಸ್ಟೇಡಿಯಂ ಸುತ್ತಲಿನ ರಸ್ತೆ ಬಂದ್ ಆದರೆ ಇಡೀ ಟ್ರಾಫಿಕ್ ಈ ಕಡೆಗೇ ಬರುತ್ತೆ. ಏಳು ಗಂಟೆಯೊಳಗೆ ಒಳಗಿರಿ. ಡಾರ್ಟ್ಸ್ ಹಲಗೆಯ ಕೆಳಗಿನ ಎಡಗಡೆ ಕುರ್ಚಿ ನಂದು.