22 ವರ್ಷ ಬಳಸಿದ ಸ್ಟೀರಿಯೊ ಸೆಟ್: ಏನು ಉಳಿಯಿತು, ಏನು ಕೈಕೊಟ್ಟಿತು

ಒಂದು ಸ್ಟೀರಿಯೊ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್, ಒಂದು ಸಿಡಿ ಪ್ಲೇಯರ್. ಮನೆಗೆ ಬಂದು 22 ವರ್ಷ ಆಯಿತು, ಹೆಚ್ಚುಕಡಿಮೆ ದಿನಾ ಬಳಸಿದ್ದೇನೆ. ಪೆಟ್ಟಿಗೆ ಒಡೆದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಇದು ಹಳೆಯದಾದ ಮೇಲಿನದು.

ಮೊದಲು ತೊಂದರೆ ಕೊಟ್ಟಿದ್ದು ಸ್ಪೀಕರ್. 14ನೇ ವರ್ಷ ಬೇಸ್ ಬಂದಾಗಲೆಲ್ಲ ಗರಗರ ಸದ್ದು ಶುರುವಾಯಿತು. ಮುಂದಿನ ಬಟ್ಟೆ ತೆಗೆದು ವೂಫರ್ (ಬೇಸ್ ಅಂದರೆ ತಗ್ಗಿನ ಸದ್ದು ನುಡಿಸುವ ಭಾಗ) ಸುತ್ತ ಇರುವ ಫೋಮ್ ಅಂಚನ್ನು ಮುಟ್ಟಿದೆ, ಬೂದಿ ಉದುರಿದ ಹಾಗೆ ಬೆರಳಿಗೇ ಬಂತು. ಅದುರಿ ಸದ್ದು ಮಾಡುವ ಕೋನ್, ಅದರ ಹಿಂದಿನ ತಂತಿ ಸುರುಳಿ ಅಂದರೆ ಕಾಯಿಲ್, ಮ್ಯಾಗ್ನೆಟ್ ಎಲ್ಲ ಚೆನ್ನಾಗೇ ಇದ್ದವು. ಫೋಮ್ ಇರೋದೇ ಹಾಗೆ, ಬಳಸದೆ ಸುಮ್ನೆ ಇಟ್ಟರೂ ಗಾಳಿ, ತೇವ, ಬೆಳಕಿಗೆ 10–20 ವರ್ಷದಲ್ಲಿ ಪುಡಿಯಾಗುತ್ತದೆ. ಹೊಸ ಅಂಚು ತರಿಸಿ ನಾನೇ ಅಂಟಿಸಿದೆ. ಕೋನ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಒಳಗೆ ಕಾಯಿಲ್ ಉಜ್ಜುತ್ತದೆ, ಅದಕ್ಕೆ ಅಂಟು ಒಣಗುವವರೆಗೂ ಮೆಲ್ಲಗೆ ಒತ್ತುತ್ತಾ, ಕಿವಿ ಹತ್ತಿರ ಇಟ್ಟು ಕೇಳುತ್ತಾ ಕೂತಿದ್ದೆ. ಆ ಬೇಸ್ ಮತ್ತೆ ತುಂಬಿಕೊಂಡು ಬಂದಾಗ ಆದ ಖುಷಿ ಹೇಳತೀರದು. ಈಗ ಕೊಳ್ಳುವವರು ರಬ್ಬರ್ ಅಂಚಿನದನ್ನೇ ನೋಡಿ, ಅದು ಜಾಸ್ತಿ ಬಾಳುತ್ತದೆ.

ಆಂಪ್ಲಿಫೈಯರ್ ನಿಜಕ್ಕೂ ಗಟ್ಟಿ ಪಿಂಡ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಹೋಯಿತು. ಆಮೇಲೆ ಸದ್ದು ಕಡಿಮೆ ಇಟ್ಟಾಗ ಒಂದು ಕಡೆ ಸ್ಪೀಕರ್ ಮಾಯ, ಜೋರು ಮಾಡಿದರೆ ವಾಪಸ್! ಅದು ರಿಲೇ (ಸ್ಪೀಕರಿಗೆ ಸಂಪರ್ಕ ಕೊಡುವ ಸ್ವಿಚ್) ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದ್ದಕ್ಕೆ. 19ನೇ ವರ್ಷ ಹಾಡಿಲ್ಲದಾಗಲೂ ಗುಂಯ್ ಅನ್ನತೊಡಗಿತು, ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು (ಒಳಗೆ ದ್ರವ ಇರುವ, ಕರೆಂಟ್ ಕೂಡಿಟ್ಟು ಸಮವಾಗಿ ಕೊಡುವ ಭಾಗಗಳು) ಒಣಗಿದ್ದವು. ಇವುಗಳ ಶತ್ರು ಬಿಸಿ. 105 ಡಿಗ್ರಿಯಲ್ಲಿ 2000 ಗಂಟೆ ಅಂತ ರೇಟಿಂಗ್ ಇರುವ ಕೆಪಾಸಿಟರ್, ಪ್ರತಿ 10 ಡಿಗ್ರಿ ತಂಪಾದಾಗ ಸುಮಾರು ಎರಡರಷ್ಟು ಬಾಳುತ್ತದೆ, ಅಂದರೆ 65 ಡಿಗ್ರಿಯಲ್ಲಿ 32,000 ಗಂಟೆ. ನಾನು ಎಷ್ಟೋ ವರ್ಷ ಸಿಡಿ ಪ್ಲೇಯರನ್ನು ಇದರ ಗಾಳಿ ಕಿಂಡಿಗಳ ಮೇಲೇ ಇಟ್ಟಿದ್ದೆ, ಆ ತಪ್ಪು ಇವತ್ತಿಗೂ ಚುಚ್ಚುತ್ತದೆ. ಕೆಪಾಸಿಟರ್‌ಗಳನ್ನು ಮೆಕ್ಯಾನಿಕ್ ಬದಲಿಸಿಕೊಟ್ಟರು. ಗೊತ್ತಿಲ್ಲದೆ ನೀವೇ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ಸಿಡಿ ಪ್ಲೇಯರ್ ಮಾತ್ರ ಉಳಿಯಲಿಲ್ಲ. ಟ್ರೇ ಎಳೆಯುವ ಬೆಲ್ಟ್ ಸಡಿಲವಾಯಿತು, ಬೇರೆ ಹಾಕಿದೆ. ಆಮೇಲೆ ಲೇಸರ್ ಸೋತಿತು. ಲೆನ್ಸ್ ಒರೆಸಿದೆ, ಸ್ವಲ್ಪ ದಿನ ಓಡಿತು, ಮತ್ತೆ ಡಿಸ್ಕನ್ನೇ ಗುರುತಿಸಲಿಲ್ಲ. ಆ ಲೇಸರ್ ಬಿಡಿಭಾಗ ಈಗ ಎಲ್ಲೂ ಸಿಗುತ್ತಿಲ್ಲ, ಉಳಿದದ್ದೆಲ್ಲ ಸರಿಯಿರುವ ಯಂತ್ರವನ್ನು ಮೂಲೆಗಿಡಬೇಕಾಯಿತು ಅಂದರೆ ಸಿಟ್ಟು ಬರೋದು ಸಹಜ ಅಲ್ವಾ?

ಸ್ಪೀಕರಿಗೂ ಆಂಪ್ಲಿಫೈಯರಿಗೂ ಐದಕ್ಕೆ ಐದು, ಸಿಡಿ ಪ್ಲೇಯರಿಗೆ ಮೂರು. ಈಗ ಫೋನಿಂದ ವೈರ್ ಹಾಕಿ ಕೇಳುತ್ತೇನೆ. ಆಂಪ್ಲಿಫೈಯರ್ ಮೇಲೆ ಏನೂ ಇಡುವುದಿಲ್ಲ.