ನಾಲ್ಕು ಮಳೆಗಾಲ ಕಂಡ ನಮ್ಮ ಲೈಟ್ ಟವರ್

ಬದಿಯಡ್ಕದಲ್ಲಿ ನಮ್ಮದು ಸಣ್ಣ ಬಾಡಿಗೆ ವ್ಯವಹಾರ. ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್, ನೀರಿನ ಪಂಪು ಇವೆ. ಜೊತೆಗೆ ಪಿಕಪ್ ಹಿಂದೆ ಕಟ್ಟಿ ಎಳೆಯುವ ಒಂದು ಲೈಟ್ ಟವರ್ ಇದೆ. ಅದನ್ನು ತಂದು ನಾಲ್ಕು ವರ್ಷ ಆಯಿತು. ತಲಪಾಡಿಯಿಂದ ಈಚೆ ಹೈವೇ ಅಗಲ ಮಾಡುವಾಗ ರಾತ್ರಿ ಕೆಲಸಕ್ಕೆ ಹೋಗಿದೆ. ತೋಡಿಗೆ ಸೇತುವೆ ಕಟ್ಟುವಲ್ಲಿ ಸ್ಲ್ಯಾಬ್ ಹಾಕುವ ರಾತ್ರಿ ನಿಂತಿದೆ. ಯಕ್ಷಗಾನ ಬಯಲಾಟದ ದಿನ ಗಾಡಿ ನಿಲ್ಲಿಸುವ ಗದ್ದೆಗೂ ಬೆಳಕು ಕೊಟ್ಟಿದೆ.

ಬೆಳಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚೆನ್ನಾಗಿದೆ. 9 ಮೀಟರ್ ಎತ್ತರದ ಕಂಬ, ತುದಿಯಲ್ಲಿ ನಾಲ್ಕು ದೀಪ, ಕೆಳಗೆ ಡೀಸೆಲ್ ಜನರೇಟರ್. ಮೊದಲು 1000 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪಗಳಿದ್ದವು. ಎರಡು ವರ್ಷ ಕಳೆದ ಮೇಲೆ ಎಲ್‌ಇಡಿ ಹಾಕಿಸಿದೆ. ಡೀಸೆಲ್ ಉಳಿಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಕಾಯುವ ಹೊತ್ತು ಕಡಿಮೆಯಾದದ್ದು. ಹ್ಯಾಲೈಡ್ ದೀಪ ಆರಿಸಿದ ಮೇಲೆ ಹತ್ತು ಹದಿನೈದು ನಿಮಿಷ ತಣಿಯಲು ಬಿಡಬೇಕು. ಬಿಸಿ ಇರುವಾಗಲೇ ಮುಟ್ಟಿದರೆ ಕೈ ಸುಡುತ್ತದೆ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಹದಿನೈದು ನಿಮಿಷ ಕಾಯುವ ತಾಳ್ಮೆ ಯಾರಿಗಿರುತ್ತದೆ?

ಟವರಿನ ಅಪಾಯ ಇರುವುದೇ ಆ ಹೊತ್ತಿನಲ್ಲಿ. ಕೆಲಸ ಮುಗಿದಿರುತ್ತದೆ, ಎಲ್ಲರಿಗೂ ನಿದ್ದೆ ಎಳೆಯುತ್ತಿರುತ್ತದೆ, ಗಾಡಿ ಬಂದು ನಿಂತಿರುತ್ತದೆ. ಮಡಚಿ ಕಟ್ಟುವ ಕೆಲಸ ಆಗ ಶುರು.

ಮೊದಲ ಮಳೆಗಾಲದಲ್ಲಿ ಆದದ್ದನ್ನು ಹೇಳುತ್ತೇನೆ. ಮುಳ್ಳೇರಿಯ ಕಡೆಯಿಂದ ವಾಪಸ್ ಬರುತ್ತಿದ್ದೆವು. ಟವರಿಗೆ ನಾಲ್ಕು ಕಾಲುಗಳಿವೆ. ನಿಲ್ಲಿಸುವಾಗ ಹೊರಗೆ ಎಳೆದು ಜಾಕಿ ಊರಬೇಕು, ಹೊರಡುವಾಗ ಒಳಗೆ ತಳ್ಳಿ ಪಿನ್ ಹಾಕಬೇಕು. ಎಡಗಡೆಯ ಒಂದು ಕಾಲಿನ ತೂತಿಗೆ ಕೆಸರು ತುಂಬಿತ್ತು. ಪಿನ್ ಕೂತ ಹಾಗೆ ಕಂಡಿತು, ಕೂತಿರಲಿಲ್ಲ. ತಿರುವಿನಲ್ಲಿ ಕಾಲು ಒಂದೂವರೆ ಅಡಿ ಹೊರಗೆ ಜಾರಿ, ರಸ್ತೆ ಬದಿಯ ಕೆಂಪುಕಲ್ಲಿನ ದರೆಯನ್ನು ಕೆರೆದುಕೊಂಡು ಬಂತು. ಆಗ ಐದು ಗಂಟೆ, ದಾರಿಯಲ್ಲಿ ಯಾರೂ ಇರಲಿಲ್ಲ. ಒಂದು ಗಂಟೆ ತಡವಾಗಿದ್ದರೆ ಸೊಸೈಟಿಗೆ ಹಾಲು ಕೊಂಡುಹೋಗುವವರು ಅದೇ ಬದಿಯಲ್ಲಿ ನಡೆಯುತ್ತಿರುತ್ತಾರೆ. ಆ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈ ಪಿನ್ ಈ ಮಷಿನ್ನಿನ ನಿಜವಾದ ದೋಷ. ಸ್ಪ್ರಿಂಗ್ ಸಡಿಲ, ತೂತು ಚಿಕ್ಕದು. ಅದರ ತುದಿಗೆ ನಾನೇ ಒಂದು ಕ್ಲಿಪ್ ಹಾಕಿಸಿದೆ. ಈಗ ಮಾಡುವುದು ಇಷ್ಟು: ಕಾಲಿಗೆ ನೀರು ಹೊಯ್ದು ಕೆಸರು ತೆಗೆಯುವುದು, ಪಿನ್ ಹಾಕುವುದು, ಆಮೇಲೆ ಎರಡೂ ಕೈಯಲ್ಲಿ ಕಾಲನ್ನು ಜಗ್ಗಿ ನೋಡುವುದು. ಕಣ್ಣಿಗೆ ಕಂಡದ್ದನ್ನು ನಾನು ನಂಬುವುದಿಲ್ಲ.

ಕಾಲು ತೆಗೆಯುವ ಮೊದಲೇ ಕಂಬ ಪೂರ್ತಿ ಇಳಿದು, ಮಲಗಿ, ಅದನ್ನು ಮಲಗಿಸುವ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಲಾಕ್ ಆಗಿರಬೇಕು. ಈ ಕ್ರಮ ತಪ್ಪಿದರೆ ಮಷಿನ್ ಮಗುಚುತ್ತದೆ. ಸೈಟಿನಲ್ಲಿ ಸೂಪರ್‌ವೈಸರ್‌ಗಳು ಕೇಳುತ್ತಾರೆ, "ಹತ್ತು ಮೀಟರ್ ಮುಂದೆ ತಾನೇ ಅಣ್ಣ, ಹಾಗೇ ಎಳೆಯಿರಿ." ನಾನು ಎಳೆಯುವುದಿಲ್ಲ. ಹತ್ತು ಮೀಟರಿಗೂ ಇಳಿಸಬೇಕು. ಇಳಿಸುವಾಗ ಮೇಲೆ ನೋಡಬೇಕು, ಸುತ್ತ ನೋಡಬೇಕು. ಅಲ್ಯೂಮಿನಿಯಂ ದೋಟಿ ಕರೆಂಟಿನ ತಂತಿಗೆ ತಾಗಿ ಅಡಿಕೆ ತೋಟದಲ್ಲಿ ಜೀವ ಹೋದ ಸುದ್ದಿ ನಮ್ಮ ಕಡೆ ಕೇಳದವರು ಯಾರು? ಈ ಕಂಬವೂ ಅಷ್ಟೇ, ಕಬ್ಬಿಣ. ನಿಲ್ಲಿಸುವಾಗ ತಂತಿ ದೂರ ಇತ್ತು ಅಂತ, ಮಡಚಿ ಮಲಗಿಸುವಾಗಲೂ ದೂರ ಇರುತ್ತದೆ ಅನ್ನುವ ಹಾಗಿಲ್ಲ.

ಹಿಡಿಕೆ ತಿರುಗಿಸಿ ಕಂಬ ಏರಿಸುವ, ಇಳಿಸುವ ವಿಂಚಿಗೆ ಪೂರ್ತಿ ಅಂಕ ಕೊಡುತ್ತೇನೆ. ಹಿಡಿಕೆಯಿಂದ ಕೈ ತೆಗೆದರೂ ಕಂಬ ಅಲ್ಲೇ ನಿಲ್ಲುತ್ತದೆ, ಒಮ್ಮೆಯೂ ಜಾರಿಲ್ಲ. ಅದರ ಉಕ್ಕಿನ ಹಗ್ಗ ಮಾತ್ರ ಒಂದು ಸಲ ಬದಲಾಯಿಸಿದೆ. ಉಪ್ಪಳ, ಕುಂಬಳೆ ಕಡೆ ವಾರಗಟ್ಟಲೆ ನಿಂತರೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಎಳೆ ಒಂದೆರಡು ಕಿತ್ತು ಮುಳ್ಳಿನ ಹಾಗೆ ಎದ್ದದ್ದು ಕಂಡ ದಿನವೇ ಹೊಸದು ಹಾಕಿಸಿದೆ.

ಗಾಡಿಗೆ ಕಟ್ಟುವಾಗ ಚಕ್ರಕ್ಕೆ ಕಲ್ಲು ಕೊಟ್ಟೇ ಕಟ್ಟಬೇಕು, ನಮ್ಮೂರಲ್ಲಿ ಸಮತಟ್ಟಾದ ಜಾಗ ಎಲ್ಲಿದೆ ಹೇಳಿ. ಪಿಕಪ್ಪಿನ ಹಿಂದಿರುವ ಕಬ್ಬಿಣದ ಗುಂಡಿನ ಮೇಲೆ ಟವರಿನ ಕೊಕ್ಕೆ ಕೂರಿಸಿ ಲಾಕ್ ಹಾಕಿದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಟವರಿನ ಮುಂದಿನ ತುದಿಯ, ಅಂದರೆ ಮೂತಿಯ, ಜಾಕಿಯನ್ನು ಮತ್ತೆ ನಾಲ್ಕು ಸುತ್ತು ಮೇಲೆತ್ತುತ್ತೇನೆ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಎದ್ದರೆ ಕೊಕ್ಕೆ ಸರಿಯಾಗಿ ಕೂತಿದೆ. ಕೊಕ್ಕೆ ಮಾತ್ರ ಮೇಲೆ ಬಂದರೆ ಕೂತಿಲ್ಲ. ನಾಲ್ಕು ವರ್ಷದಲ್ಲಿ ಎರಡು ಸಲ ಹೀಗೆ ಸಿಕ್ಕಿಬಿದ್ದಿದೆ, ಎರಡೂ ಸಲ ಲಾಕ್ ಹಾಕಿದ ಟಕ್ ಶಬ್ದ ಚೆನ್ನಾಗಿಯೇ ಕೇಳಿತ್ತು. ಸರಪಳಿ ಎರಡನ್ನೂ ಮೂತಿಯ ಕೆಳಗೆ ಕತ್ತರಿ ಹಾಕಿದ ಹಾಗೆ ಅಡ್ಡಡ್ಡ ಕಟ್ಟಬೇಕು. ಕೊಕ್ಕೆ ಬಿಟ್ಟರೂ ಮೂತಿ ರಸ್ತೆಗೆ ಕುಕ್ಕುವುದಿಲ್ಲ, ಸರಪಳಿಯ ಮೇಲೆ ಕೂರುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಟವರಿನ ಹಿಂಬದಿಯ ಲೈಟಿನ ಪ್ಲಗ್ ಪ್ರತಿ ಮಳೆಗಾಲದಲ್ಲೂ ಹಾಳಾಗುತ್ತದೆ. ಮಾರಿದವರಿಗೆ ಮೂರು ಸಲ ಫೋನ್ ಮಾಡಿದೆ, ಜನ ಕಳಿಸುತ್ತೇವೆ ಅಂದರು, ಬರಲಿಲ್ಲ. ಕೊನೆಗೆ ನಮ್ಮ ಪೇಟೆಯ ಎಲೆಕ್ಟ್ರಿಷಿಯನ್ ರಬ್ಬರ್ ಮುಚ್ಚಳ ಇರುವ ಪ್ಲಗ್ ಹಾಕಿಕೊಟ್ಟರು. ಬ್ರೇಕ್ ಲೈಟ್, ಇಂಡಿಕೇಟರ್ ಉರಿಯುವುದನ್ನು ಒಬ್ಬರು ಹಿಂದೆ ನಿಂತು ನೋಡಿ ಹೇಳದೆ ಗಾಡಿ ಹೊರಡುವುದಿಲ್ಲ. ಭೂಮಿಗೆ ಹೊಡೆದ ಅರ್ತಿಂಗ್ ಸಲಾಕೆ ಕಿತ್ತುಕೊಳ್ಳುವುದನ್ನು ಮಾತ್ರ ನಾವು ಸುಮಾರು ಸಲ ಮರೆತಿದ್ದೇವೆ. ಈಗ ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತೇವೆ.

ಇಷ್ಟಕ್ಕೆಲ್ಲ ನಮಗೆ 25 ನಿಮಿಷ ಬೇಕು. ಬಾಡಿಗೆಗೆ ಕೊಡುವಾಗಲೇ ಈ ಹೊತ್ತನ್ನು ಸೇರಿಸಿ ಹೇಳುತ್ತೇನೆ, ಒಪ್ಪದವರಿಗೆ ಕೊಡುವುದಿಲ್ಲ. ದಾರಿಯಲ್ಲಿ 40 ಕಿಲೋಮೀಟರ್ ವೇಗ ದಾಟುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಚಕ್ರದ ನಟ್ಟು, ಕಂಬದ ಲಾಕ್ ಮುಟ್ಟಿ ನೋಡುತ್ತೇನೆ.

ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಪಿನ್ನಿಗೆ. ಕೊಳ್ಳುವವರು ಅಂಗಡಿಯಲ್ಲಿ ದೀಪ ಉರಿಸಿ ತೋರಿಸಿ ಅಂತ ಕೇಳುತ್ತಾರೆ. ಮಡಚಿ ತೋರಿಸಿ ಅಂತ ಕೇಳಿ, ಒಂದು ಸಲ ನೀವೇ ಕೈ ಹಾಕಿ ಮಡಚಿ ನೋಡಿ.